ರಾಟೆ ಮುಂದೆ ಕೂತ ಹುಡುಗಿ: ಒಂದು ಐರಿಶ್ ಜಿಗ್, ಅದರ ಹೆಸರಿನಲ್ಲಿರುವ ಯಂತ್ರ

ಗಾಲ್ವೆಯ ಕಮಾನು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಮೈಸೂರಿನವಳು, ಆರು ವರ್ಷದಿಂದ ಐರ್ಲೆಂಡಿನ ಗಾಲ್ವೆಯಲ್ಲಿದ್ದೇನೆ. ಚಿಕ್ಕವಳಿದ್ದಾಗ ಕರ್ನಾಟಕ ಸಂಗೀತದ ಪಿಟೀಲು ಕಲಿತಿದ್ದೆ, ವರ್ಣಗಳ ತನಕ ಬಂದು ನಿಂತುಹೋಗಿತ್ತು. ಇಲ್ಲಿಗೆ ಬಂದ ಮೇಲೆ ಅದೇ ವಾದ್ಯವನ್ನು ಮತ್ತೆ ಕೈಗೆತ್ತಿಕೊಂಡೆ. ನೆಲದ ಮೇಲೆ ಕೂತು ಪಾದಕ್ಕೆ ಊರಿ ನುಡಿಸುತ್ತಿದ್ದವಳು ಈಗ ಕುರ್ಚಿಯಲ್ಲಿ ಕೂತು ಭುಜಕ್ಕೆ ಆನಿಸಿಕೊಂಡು ಫಿಡಲ್ ನುಡಿಸುತ್ತೇನೆ. ಮೊದಲ ವರ್ಷವೆಲ್ಲ ಬೆರಳುಗಳು ತಾವಾಗಿಯೇ ಗಮಕಕ್ಕೆ ಜಾರುತ್ತಿದ್ದವು.

ಪ್ರತಿ ಮಂಗಳವಾರ ಸಂಜೆ ಕ್ಲಾಸು. ಮೇಷ್ಟರು ನೊಟೇಶನ್ ಕೊಡುವುದಿಲ್ಲ. ಎರಡು ತುಣುಕು ನುಡಿಸುತ್ತಾರೆ, ನಾವು ತಿರುಗಿ ನುಡಿಸುತ್ತೇವೆ, ಅದು ಕೂತ ಮೇಲೆ ಮುಂದಿನ ಎರಡು. ಗುರುಗಳ ಮುಂದೆ ಕೂತು ಕಲಿತ ನಮಗೆ ಇದು ಹೊಸದಲ್ಲ, ಆದರೂ ಮನೆಗೆ ಬಂದ ಕೂಡಲೇ ಮರೆಯುವ ಮೊದಲು ಸರಿಗಮದಲ್ಲಿ ಬರೆದಿಟ್ಟುಕೊಳ್ಳುತ್ತೇನೆ. ಹೋದ ತಿಂಗಳು ಕಲಿಸಿದ್ದು ‘ದ ಮೇಡ್ ಅಟ್ ದ ಸ್ಪಿನ್ನಿಂಗ್ ವೀಲ್’ ಎಂಬ ಜಿಗ್, ಅಂದರೆ ಐರಿಶ್ ಕುಣಿತದ ಮಟ್ಟು. ರಾಟೆ ಮುಂದೆ ಕೂತ ಹುಡುಗಿ. ಹೆಸರು ಕೇಳಿದ ತಕ್ಷಣ ನನ್ನ ಕಣ್ಣಿಗೆ ಕಟ್ಟಿದ್ದು ಗಾಂಧೀಜಿಯ ಚರಕ: ನೆಲದ ಮೇಲೆ ಪೆಟ್ಟಿಗೆ, ಕೈಯಲ್ಲಿ ತಿರುಗಿಸುವ ಚಕ್ರ. ಒಂದು ತಿಂಗಳು ಅದನ್ನೇ ನೆನೆಯುತ್ತಾ ನುಡಿಸಿದೆ.

ಕಳೆದ ವಾರ ಗೆಳತಿಯೊಬ್ಬಳ ಜೊತೆ ಡೊನೆಗಾಲ್‌ನಲ್ಲಿರುವ ಅವಳ ಅಜ್ಜಿಯ ಮನೆಗೆ ಹೋಗಿದ್ದೆ. ಕಿಟಕಿಯ ಮೂಲೆಯಲ್ಲಿ ಅವರ ಹಳೆಯ ರಾಟೆ ಇತ್ತು, ಮೇಲೆ ಒಂದು ಹೂವಿನ ಕುಂಡ. ನಾನು ಎಣಿಸಿಕೊಂಡಿದ್ದಕ್ಕೂ ಇದಕ್ಕೂ ಏನೇನೂ ಸಂಬಂಧವಿಲ್ಲ. ಮೂರು ಉದ್ದ ಕಾಲಿನ ಮೇಲೆ ನಿಂತ ಚೌಕಟ್ಟು, ಮೇಲ್ಭಾಗದಲ್ಲಿ ಚಕ್ರ, ಕೆಳಗೆ ಕಾಲಿಂದ ಒತ್ತುವ ಹಲಗೆ. ಚಕ್ರದ ಕೆಳಗೆ ಎರಡು ಪುಟ್ಟ ಕಂಬಗಳ ನಡುವೆ ಕುದುರೆಲಾಳದ ಹಾಗೆ ಬಾಗಿದ ಮರದ ತುಂಡು, ಅದರ ಎರಡೂ ತೋಳಿಗೆ ಸಾಲಾಗಿ ಸಣ್ಣ ಸಣ್ಣ ಕೊಕ್ಕೆಗಳು. ಇದೇನು ಅಂತ ಅಜ್ಜಿಯನ್ನು ಕೇಳಿದೆ. ಅವರು ಕೈಯಲ್ಲಿ ಗಾಳಿಯಲ್ಲೇ ತಿರುಗಿಸಿ ತೋರಿಸಿದರು, ನನಗೆ ಅರ್ಥವಾಗಲಿಲ್ಲ. ಅವರೂ ನೂತವರಲ್ಲ, ಅವರ ಅಜ್ಜಿ ನೂಲುತ್ತಿದ್ದರಂತೆ.

ಹಾಗಾಗಿ ಕೇಳುತ್ತಿದ್ದೇನೆ. ಆ ಕೊಕ್ಕೆಯ ತುಂಡಿನ ಕೆಲಸ ಏನು? ಇಂಥ ರಾಟೆಯನ್ನು ಕಂಡುಹಿಡಿದವರು ಯಾರು? ಈ ಜಿಗ್ ನಡೆಯುವ ಲಯ ರಾಟೆಯದೇ ಏನು? ನುಡಿಸುವಾಗ ಕಣ್ಣ ಮುಂದೆ ಸರಿಯಾದ ಯಂತ್ರ ಇರಲಿ ಅಂತ ನನಗೆ ತುಂಬಾ ಆಸೆ.

---

ತಿಶ್ರನಡೆ ಉತ್ತರಿಸಿದ್ದು:

ಚೆನ್ನಾದ ಪ್ರಶ್ನೆ. ಜಿಗ್ ಅಂದರೆ ನಮ್ಮ ಲೆಕ್ಕದಲ್ಲಿ ತಿಶ್ರ. ಅವರು ಆರು-ಎಂಟು ಅಂತ ಬರೆಯುತ್ತಾರೆ: ತಕಿಟ ತಕಿಟ, ಎರಡು ಪೆಟ್ಟು, ಪೆಟ್ಟಿಗೆ ಮೂರು ಅಕ್ಷರ. ನಾನು ಮೃದಂಗ ನುಡಿಸುವವನು, ಈ ರಾಗವನ್ನು ಕೇಳುತ್ತಾ ತೊಡೆಯ ಮೇಲೆ ತಾಳ ಹಾಕಿ ನೋಡಿದೆ. ಕಾಲಿನಿಂದ ಹಲಗೆ ಒತ್ತಿ ಬಿಡುವುದು ಎರಡು ಪೆಟ್ಟು, ಚಕ್ರ ಉರುಳುವುದು ಮೂರಕ್ಷರ ಅಂತ ನನಗೆ ಅನ್ನಿಸಿತು. ರಾಟೆಯ ಸದ್ದಿನಿಂದಲೇ ಈ ಮಟ್ಟು ಹುಟ್ಟಿರಬೇಕು.

ಇನ್ನೊಂದು. ಬೆಳದಿಂಗಳಲ್ಲಿ ಹುಡುಗಿಯೊಬ್ಬಳು ನೂಲುತ್ತಿರುತ್ತಾಳೆ, ಪಕ್ಕದಲ್ಲಿ ಅಜ್ಜಿ ತೂಕಡಿಸುತ್ತಿರುತ್ತಾಳೆ, ಕಿಟಕಿಯಲ್ಲಿ ಪ್ರಿಯತಮ ಬಂದು ಕರೆಯುತ್ತಾನೆ, ಹೀಗೆ ಒಂದು ಐರಿಶ್ ಹಾಡಿದೆಯಲ್ಲ, ಅದು ಈ ಜಿಗ್‌ನದೇ ಸಾಹಿತ್ಯವೇ?

---

ಹಂಜಿ, ಧಾರವಾಡ ಉತ್ತರಿಸಿದ್ದು:

ತಂಗಿ, ನಿನ್ನ ಪ್ರಶ್ನೆ ಓದಿದ ಮೇಲೆ ನಿದ್ದೆ ಹತ್ತಲಿಲ್ಲ, ಎದ್ದು ಬರೆಯಲು ಕೂತಿದ್ದೇನೆ. ಉದ್ದ ಆದೀತು.

ನಾನು ಸಂಗೀತದವಳಲ್ಲ, ನೂಲಿನವಳು. ಗರಗದ ಖಾದಿ ಅಂದರೆ ರಾಷ್ಟ್ರಧ್ವಜದ ಬಟ್ಟೆ ಅಂತ ನಿಮಗೆಲ್ಲ ಗೊತ್ತಿರಬಹುದು. ಆ ಕಡೆಯ ಹಳ್ಳಿಯೊಂದರಲ್ಲಿ ಹುಟ್ಟಿದವಳು ನಾನು. ನಮ್ಮವ್ವ ಖಾದಿ ಕೇಂದ್ರಕ್ಕೆ ನೂಲುತ್ತಿದ್ದಳು, ವಾರಕ್ಕೊಮ್ಮೆ ನೂಲಿನ ಲಡಿ ಕೊಟ್ಟು, ನೂಲಲು ಹಂಜಿ (ಹತ್ತಿಯ ಸುರುಳಿ) ತರುತ್ತಿದ್ದಳು. ಒಂಬತ್ತನೇ ವಯಸ್ಸಿಗೆ ನನ್ನನ್ನೂ ರಾಟಿ ಮುಂದೆ ಕೂಡಿಸಿದಳು. “ಎಳಿ ಸಣ್ಣ ಆಗಾಕತ್ತಿತಂದ್ರ ಕೈ ನಿಲ್ಲಸಬ್ಯಾಡ, ಉಸಿರು ನಿಲ್ಲಸು” ಅನ್ನುತ್ತಿದ್ದಳು. ಮುಂದೆ ನಾನೇ ಇಪ್ಪತ್ತು ವರ್ಷ ಹೆಣ್ಣುಮಕ್ಕಳಿಗೆ ನೂಲುವುದನ್ನು ಕಲಿಸಿದೆ. ಎರಡು ವರ್ಷದ ಹಿಂದೆ ಮಗನ ಮನೆಗೆ ಬೆಲ್‌ಫಾಸ್ಟಿಗೆ ಹೋಗಿ ಒಂದು ಚಳಿಗಾಲ ಅಲ್ಲಿದ್ದೆ. ಹತ್ತಿರದಲ್ಲೇ ನೂಲುವ ಹೆಂಗಸರ ಗುಂಪೊಂದು ಶನಿವಾರ ಸೇರುತ್ತಿತ್ತು. ಅವರು ನನಗೆ ಕಾಲಿನ ರಾಟಿಯಲ್ಲಿ ಅಗಸೆ ನೂಲಲು ಕಲಿಸಿದರು, ನಾನು ಅವರಿಗೆ ತಕಲಿಯಲ್ಲಿ ಹತ್ತಿ ಕಲಿಸಿದೆ. ನೀನು ಕೇಳಿದ ಯಂತ್ರದಲ್ಲಿ ನೂಲುತ್ತಾ ನಾನು ಐದು ತಿಂಗಳು ಕಳೆದಿದ್ದೇನೆ.

ಮೊದಲು ನಾರಿನ ಮಾತು, ಅದಿಲ್ಲದೆ ಯಂತ್ರ ತಿಳಿಯುವುದಿಲ್ಲ. ಐರ್ಲೆಂಡಿನ ಆ ಹುಡುಗಿ ನೂಲುತ್ತಿದ್ದದ್ದು ಹೆಚ್ಚಾಗಿ ಅಗಸೆ. ಅಗಸಿ ಅಂದ ಕೂಡಲೇ ನಮ್ಮ ಕಡೆಯವರಿಗೆ ರೊಟ್ಟಿ ಜೊತೆ ಅಗಸಿ ಹಿಂಡಿ ನೆನಪಾಗುತ್ತದೆ. ಅದೇ ಗಿಡ. ನಾವು ಕಾಳಿಗೆ ಬೆಳೆಯುತ್ತೇವೆ, ಗಿಡ್ಡ, ಕವಲು ಹೆಚ್ಚು. ಅವರು ನಾರಿಗೆ ಬೆಳೆಯುತ್ತಿದ್ದರು, ಒತ್ತಾಗಿ ಬಿತ್ತಿ, ಎತ್ತರಕ್ಕೆ, ಕವಲಿಲ್ಲದೆ. ಕೊಯ್ಯುವುದಿಲ್ಲ, ಬೇರುಸಹಿತ ಕೀಳುತ್ತಾರೆ, ಯಾಕೆಂದರೆ ಕುಡುಗೋಲು ತಾಗಿದಷ್ಟು ನಾರು ನಷ್ಟ. ಆಮೇಲೆ ಹೊಂಡದಲ್ಲಿ ಕಲ್ಲು ಹೇರಿ ಕೊಳೆಹಾಕುತ್ತಾರೆ. ನಮ್ಮ ಹಳ್ಳದಲ್ಲಿ ಪುಂಡಿ ಕಟ್ಟಿಗೆ ಕೊಳೆಹಾಕಿ ನಾರು ಸುಲಿಯುತ್ತಿದ್ದದ್ದನ್ನು ಕಂಡವರಿಗೆ ಆ ವಾಸನೆ ಎಂಥದೆಂದು ಗೊತ್ತು. ಒಣಗಿಸಿ, ಬಡಿದು ಸಿಬಿರು ಉದುರಿಸಿ, ಕಬ್ಬಿಣದ ಮೊಳೆಗಳ ಹಣಿಗೆಯಲ್ಲಿ ಬಾಚಿದರೆ ಕೈಗೆ ಬರುವುದು ಹುಡುಗಿಯ ಜಡೆಯಂಥ ನಾರು, ಬಣ್ಣವೂ ಅಲ್ಲಿನ ಹುಡುಗಿಯರ ಕೂದಲಿನದೇ. ಹತ್ತಿಯ ಎಳೆ ಒಂದು ಅಂಗುಲದ ಆಸುಪಾಸು. ಇದು ಎರಡು ಅಡಿ, ಮೂರು ಅಡಿ. ಹತ್ತಿಯ ಹಾಗೆ ಒಂದಕ್ಕೊಂದು ಅಂಟಿಕೊಳ್ಳುವುದೂ ಇಲ್ಲ, ನುಣುಪಾಗಿ ಜಾರುತ್ತದೆ. ಕೋಲಿಗೆ ಸುತ್ತಿಟ್ಟು, ಒಂದು ಕೈಯಿಂದ ಎಳೆಯುತ್ತಾ, ಇನ್ನೊಂದು ಕೈಯ ಬೆರಳನ್ನು ಒದ್ದೆ ಮಾಡಿಕೊಂಡು ನೀವುತ್ತಾ ಬರಬೇಕು. ನೀರು ತಾಗಿದಾಗ ನಾರಿನೊಳಗಿನ ಗೋಂದು ಕರಗಿ ಎಳೆ ಕೂಡಿಕೊಳ್ಳುತ್ತದೆ. ರಾಟಿಗೇ ಒಂದು ಪುಟ್ಟ ನೀರಿನ ಬಟ್ಟಲು ಸಿಕ್ಕಿಸಿರುತ್ತಿದ್ದರು. ಅಂದರೆ ಎರಡೂ ಕೈ ಬೇಕು, ಚಕ್ರ ತಿರುಗಿಸಲು ಕೈಯೇ ಉಳಿಯುವುದಿಲ್ಲ. ಅದಕ್ಕೇ ಕಾಲಿನ ಹಲಗೆ.

ಈಗ ಕೊಕ್ಕೆಯ ತುಂಡು. ಅದರ ಹೆಸರು ಫ್ಲೈಯರ್. ಇಡೀ ಯಂತ್ರದ ಜೀವ ಅದರಲ್ಲಿದೆ.

ನಮ್ಮ ರಾಟಿಯಲ್ಲಿ ನೂಲುವುದು ಎರಡು ಕೆಲಸ, ಒಂದಾದ ಮೇಲೆ ಒಂದು. ಬಲಗೈಯಿಂದ ಚಕ್ರ ತಿರುಗಿಸುತ್ತಾ ಎಡಗೈಯಿಂದ ಹಂಜಿಯನ್ನು ಕದಿರಿನ (ನೂಲು ಸುತ್ತುವ ಕಡ್ಡಿಯ) ತುದಿಯಿಂದ ಹಿಂದಕ್ಕೆ ಎಳೆಯುತ್ತೇವೆ, ಎಳೆಗೆ ಹುರಿ ಏರುತ್ತದೆ. ತೋಳು ಪೂರಾ ಚಾಚಿದ ಮೇಲೆ ನಿಲ್ಲಿಸಬೇಕು. ಚಕ್ರವನ್ನು ಒಂದಿಷ್ಟು ಹಿಂದಕ್ಕೆ ತಿರುಗಿಸಿ, ಕೈ ಮಗ್ಗುಲಿಗೆ ತಂದು, ನೂತಷ್ಟನ್ನು ಕದಿರಿಗೆ ಸುತ್ತಬೇಕು. ಮತ್ತೆ ಎಳೆ, ಮತ್ತೆ ನಿಲ್ಲು, ಮತ್ತೆ ಸುತ್ತು. ನಮ್ಮವ್ವನ ದಿನವೆಲ್ಲ ಹೀಗೆ ತುಂಡುತುಂಡಾಗಿ ನಡೆಯುತ್ತಿತ್ತು. ಚಂದದ ಲಯವೇ ಅದು, ಆದರೆ ಅರ್ಧ ಹೊತ್ತು ಹುರಿಗೆ, ಅರ್ಧ ಹೊತ್ತು ಸುತ್ತಿಗೆ.

ಫ್ಲೈಯರ್ ಈ ಎರಡನ್ನೂ ಒಟ್ಟಿಗೆ ಮಾಡುತ್ತದೆ. ಕುದುರೆಲಾಳದ ಎರಡು ತೋಳುಗಳ ನಡುವೆ, ಅದೇ ಅಚ್ಚಿನ ಮೇಲೆ, ಒಂದು ಬಾಬಿನ್, ಅಂದರೆ ನೂಲು ಸುತ್ತಿಕೊಳ್ಳುವ ಉರುಳೆ ಇರುತ್ತದೆ. ದೊಡ್ಡ ಚಕ್ರದಿಂದ ಬರುವ ದಾರ ಎರಡು ಸುತ್ತಿನದು, ಒಂದು ಸುತ್ತು ಫ್ಲೈಯರ್‌ನ ಪುಟ್ಟ ಗಾಲಿಯ ಮೇಲೆ, ಇನ್ನೊಂದು ಬಾಬಿನ್‌ನ ಗಾಲಿಯ ಮೇಲೆ. ಬಾಬಿನ್‌ನ ಗಾಲಿ ಒಂದು ಕೂದಲೆಳೆ ಚಿಕ್ಕದು, ಹಾಗಾಗಿ ಬಾಬಿನ್ ಸ್ವಲ್ಪ ಬಿರುಸಾಗಿ ತಿರುಗುತ್ತದೆ. ಫ್ಲೈಯರ್ ಆರು ಸುತ್ತು ಸುತ್ತುವಷ್ಟರಲ್ಲಿ ಬಾಬಿನ್ ಏಳು ಸುತ್ತುತ್ತದೆ ಅಂತ ಇಟ್ಟುಕೋ. ಆರು ಸುತ್ತು ನೂಲಿಗೆ ಹುರಿಯಾಯಿತು. ಹೆಚ್ಚಿನ ಆ ಒಂದು ಸುತ್ತು ನೂಲನ್ನು ಎಳೆದುಕೊಂಡು ಬಾಬಿನ್ ಮೇಲೆ ಸುತ್ತಿಕೊಂಡಿತು. ನಿಲ್ಲುವ ಮಾತೇ ಇಲ್ಲ. ನೂಲನ್ನು ಬೆರಳಲ್ಲಿ ಬಿಗಿ ಹಿಡಿದೆಯೋ, ದಾರ ಜಾರುತ್ತದೆ, ಹುರಿ ಮಾತ್ರ ಏರುತ್ತದೆ. ಸಡಿಲ ಬಿಟ್ಟೆಯೋ, ಬಾಬಿನ್ ನುಂಗುತ್ತದೆ. ನೀನು ಕಂಡ ಕೊಕ್ಕೆಗಳು ನೂಲು ಎಲ್ಲಿ ಬೀಳಬೇಕು ಎನ್ನುವುದಕ್ಕೆ. ಒಂದು ಕೊಕ್ಕೆಯ ನೇರಕ್ಕೆ ಬಾಬಿನ್ ತುಂಬಿದರೆ ನೂಲನ್ನು ಪಕ್ಕದ ಕೊಕ್ಕೆಗೆ ದಾಟಿಸಬೇಕು. ಮೊದಲ ದಿನ ಅದು ನನ್ನ ಕೈಯಿಂದ ಹಂಜಿ ಕಸಿದ ಹಾಗೆ ನಾರು ಕಸಿದುಕೊಂಡಿತು. ನಲವತ್ತು ವರ್ಷ ನೂತ ಕೈ ಇದು, ಆದರೂ ಮೂರು ವಾರ ಹಿಡಿಯಿತು ಅದರ ಜೊತೆ ಒಡಂಬಡಿಕೆಗೆ ಬರಲು.

ನೀನು ಡೊನೆಗಾಲ್‌ನಲ್ಲಿ ಕಂಡದ್ದಕ್ಕೆ ಅಲ್ಲಿ ಕ್ಯಾಸಲ್ ವೀಲ್ ಅನ್ನುತ್ತಾರೆ. ಚಕ್ರ ಮೇಲೆ, ಫ್ಲೈಯರ್ ಕೆಳಗೆ ಇರುವುದು ಐರ್ಲೆಂಡಿನ ಉತ್ತರ ಭಾಗದ ಗುರುತು. ಇನ್ನೊಂದು ಜಾತಿ ಅಡ್ಡಕ್ಕೆ ಇಳಿಜಾರು ಹಲಗೆಯ ಮೇಲೆ ಕೂತಿರುತ್ತದೆ, ಚಕ್ರ ಒಂದು ತುದಿಗೆ, ಫ್ಲೈಯರ್ ಇನ್ನೊಂದಕ್ಕೆ. ಎರಡರದೂ ಗುಟ್ಟು ಒಂದೇ. ಫ್ಲೈಯರ್ ಹಿಡಿದು ನಿಂತ ಆ ಎರಡು ಪುಟ್ಟ ಕಂಬಗಳಿಗೆ ಹೆಸರೇನು ಗೊತ್ತೇ? ಮೇಡನ್ಸ್, ಕನ್ಯೆಯರು. ಆ ಕಂಬಗಳನ್ನು ಹೊತ್ತ ಅಡ್ಡಪಟ್ಟಿಗೆ ಮದರ್ ಆಫ್ ಆಲ್, ಎಲ್ಲದರ ತಾಯಿ. ಕಾಲಿನ ಹಲಗೆಯಿಂದ ಚಕ್ರಕ್ಕೆ ಶಕ್ತಿ ಒಯ್ಯುವ ಕಡ್ಡಿಗೆ ಫುಟ್‌ಮನ್, ಆಳು. ಆ ಗುಂಪಿನ ಹಿರಿಯ ಹೆಂಗಸೊಬ್ಬರು ಒಂದೊಂದನ್ನೂ ಮುಟ್ಟಿ ಹೆಸರು ಹೇಳಿದಾಗ ನನ್ನ ಕಣ್ಣು ತುಂಬಿ ಬಂತು. ನಿನ್ನ ಜಿಗ್‌ನ ಹುಡುಗಿ ರಾಟಿಯ ಮುಂದೆಯೂ ಇದ್ದಾಳೆ, ರಾಟಿಯ ಒಳಗೂ ಇದ್ದಾಳೆ.

ತಿಶ್ರನಡೆ ಅವರೇ, ನೀವು ಹೇಳಿದ್ದನ್ನು ನಾನು ಒಪ್ಪುವುದಿಲ್ಲ, ಬೇಸರ ಮಾಡಿಕೊಳ್ಳಬೇಡಿ. ಚಕ್ರದ ಒಂದು ಸುತ್ತಿಗೆ ಕಾಲಿನ ಒತ್ತು ಒಂದೇ. ಉಳಿದರ್ಧ ಸುತ್ತನ್ನು ಚಕ್ರದ ಭಾರವೇ ಎಳೆದುಕೊಂಡು ಹೋಗುತ್ತದೆ. ಅದರಲ್ಲಿ ಮೂರರ ಗುಂಪು ಇಲ್ಲ, ಒಡೆಯದ ಒಂದು ಗುಂಯ್‌ಗುಡುವಿಕೆ ಇದೆ. ಜಿಗ್ ಅನ್ನುವುದು ಕುಣಿಯುವವರ ಕಾಲಿಗಾಗಿ ಇರುವ ಮಟ್ಟು. ಆ ನಾಡಿನ ಕುಣಿತದ ಮಟ್ಟುಗಳಿಗೆ ಹೆಸರು ಒಂದು ಚೀಟಿ ಇದ್ದ ಹಾಗೆ. ಒಂದೇ ಮಟ್ಟಿಗೆ ಊರಿಗೊಂದು ಹೆಸರು, ಒಂದೇ ಹೆಸರಿಗೆ ಎರಡು ಮೂರು ಮಟ್ಟು. ಚಿಟಿಕೆ ನಶ್ಯ, ಬಾತುಕೋಳಿ, ಬ್ರಾಂದಿ ಬಾಟಲಿ, ಏನು ಬೇಕಾದರೂ ಹೆಸರಾಗಬಹುದು. ನೂಲುವಾಗ ಹಾಡುವ ಹಾಡುಗಳು ಅವರಲ್ಲಿ ಬೇರೆಯೇ ಇವೆ, ಐರಿಶ್ ಭಾಷೆಯಲ್ಲಿ. ನೀವು ನೆನೆದ ಬೆಳದಿಂಗಳ ಹಾಡು 19ನೇ ಶತಮಾನದಲ್ಲಿ ಜಾನ್ ಫ್ರಾನ್ಸಿಸ್ ವಾಲರ್ ಎಂಬುವರು ಇಂಗ್ಲಿಷಿನಲ್ಲಿ ಬರೆದದ್ದು. ಅದರ ನಡೆ ವಾಲ್ಟ್ಸ್ ಎಂಬ ಮೂರು ಪೆಟ್ಟಿನ ಕುಣಿತದ್ದು, ಈ ಜಿಗ್‌ಗೂ ಅದಕ್ಕೂ ಸಂಬಂಧವಿಲ್ಲ. ಆದರೂ ಆ ಹಾಡಿನಲ್ಲಿ ಹುಡುಗಿ ಮೆಲ್ಲನೆ ಎದ್ದುಹೋಗುವಾಗ ಚಕ್ರ ನಿಧಾನವಾಗುತ್ತಾ ಬರುವುದನ್ನು ಬರೆದಿದ್ದಾರಲ್ಲ, ಅದು ನೂಲುವವರನ್ನು ಹತ್ತಿರದಿಂದ ಕಂಡ ಬರವಣಿಗೆ. ಕಾಲು ತೆಗೆದ ಮೇಲೂ ಚಕ್ರ ಒಂದಷ್ಟು ಹೊತ್ತು ಸುಳ್ಳು ಹೇಳುತ್ತಲೇ ಇರುತ್ತದೆ.

ಈ ಹೆಸರು ಯಾಕೆ ನನಗೆ ಅಷ್ಟು ಮುಖ್ಯ ಅಂತ ಹೇಳುತ್ತೇನೆ. ಐರ್ಲೆಂಡಿನ ಲಿನನ್, ಅಂದರೆ ಅಗಸೆ ನಾರಿನ ಬಟ್ಟೆಯ ಕಥೆಯಲ್ಲಿ ಹೆಸರುಗಳಿಗೆ ಕೊರತೆಯಿಲ್ಲ. 1630ರ ದಶಕದಲ್ಲಿ ವೆಂಟ್‌ವರ್ತ್ ಎಂಬ ಅಧಿಕಾರಿ ಹಾಲೆಂಡಿನಿಂದ ಬೀಜ ತರಿಸಿದ. 1698ರಲ್ಲಿ ಲೂಯಿ ಕ್ರೊಮ್ಲಿನ್ ಎಂಬ ಹ್ಯೂಗೆನೋ (ಫ್ರಾನ್ಸಿನ ಪ್ರೊಟೆಸ್ಟಂಟ್) ನಿರಾಶ್ರಿತ ಬೆಲ್‌ಫಾಸ್ಟ್ ಹತ್ತಿರದ ಲಿಸ್‌ಬರ್ನ್‌ಗೆ ಬಂದ. 1711ರಲ್ಲಿ ಲಿನನ್ ಬೋರ್ಡ್ ಆಯಿತು. 1796ರಲ್ಲಿ ಆ ಬೋರ್ಡು ಅಗಸೆ ಬೆಳೆದವರಿಗೆ ಬಹುಮಾನ ಹಂಚಿತು: ಒಂದು ಎಕರೆ ಬಿತ್ತಿದವರಿಗೆ ನಾಲ್ಕು ರಾಟಿ, ಐದು ಎಕರೆಗೆ ಒಂದು ಮಗ್ಗ. ಪಡೆದವರ ಪಟ್ಟಿ ಇವತ್ತಿಗೂ ಇದೆ, ಸುಮಾರು 60,000 ಹೆಸರುಗಳು. 1821ರಿಂದ 1851ರ ತನಕದ ಜನಗಣತಿಯ ಕಾಗದಗಳು 1922ರಲ್ಲಿ ಡಬ್ಲಿನ್‌ನಲ್ಲಿ ಬಹುಪಾಲು ಸುಟ್ಟುಹೋದದ್ದರಿಂದ ಪೂರ್ವಿಕರನ್ನು ಹುಡುಕುವವರು ಈ ಪಟ್ಟಿಗೆ ಮುಗಿಬೀಳುತ್ತಾರೆ. ಲಿಸ್‌ಬರ್ನ್‌ನಲ್ಲಿ ಲಿನನ್ ಮ್ಯೂಸಿಯಂ ನೋಡಿ ಬಂದ ಮೇಲೆ ಮಗ ಲ್ಯಾಪ್‌ಟಾಪಿನಲ್ಲಿ ಆ ಪಟ್ಟಿ ತೆಗೆದು ತೋರಿಸಿದ. ಅಗಸೆ ಬೆಳೆದವರ ಹೆಸರುಗಳು, ಹೆಚ್ಚಿನವು ಗಂಡಸರವು. ರಾಟಿ ಯಾರ ಹೆಸರಿಗೆ ಬಂತು ಅಂತ ಅಲ್ಲಿದೆ, ಅದರ ಮುಂದೆ ಕೂತವಳು ಯಾರು ಅಂತ ಇಲ್ಲ.

ಮುಂದಿನದು ಬೇಗ ಮುಗಿಯುತ್ತದೆ. 1825ರಲ್ಲಿ ಇಂಗ್ಲೆಂಡಿನ ಜೇಮ್ಸ್ ಕೇ ಅಗಸೆಯನ್ನು ನೀರಲ್ಲಿ ನೆನೆಸಿ ಯಂತ್ರದಲ್ಲಿ ಸಣ್ಣ ನೂಲು ತೆಗೆಯುವ ಉಪಾಯ ಕಂಡುಕೊಂಡ. 1828ರಲ್ಲಿ ಬೆಲ್‌ಫಾಸ್ಟಿನ ಯಾರ್ಕ್ ಸ್ಟ್ರೀಟಿನಲ್ಲಿದ್ದ ಮಲ್‌ಹಾಲೆಂಡ್ ಮನೆತನದ ಹತ್ತಿ ಗಿರಣಿ ಸುಟ್ಟಿತು, ಅವರು ಅದನ್ನು ಅಗಸೆ ಗಿರಣಿಯಾಗಿ ಎಬ್ಬಿಸಿದರು. ಮನೆಮನೆಯ ನೂಲಿಗೆ ಬೆಲೆ ಹೋಯಿತು. ಚಿಕಾಗೋದಲ್ಲಿ ಪೊಲೀಸ್ ಮುಖ್ಯಸ್ಥರಾಗಿದ್ದ, ಕಾರ್ಕ್ ಕಡೆಯ ಫ್ರಾನ್ಸಿಸ್ ಓನೀಲ್ 1903ರಲ್ಲಿ 1,850 ಮಟ್ಟುಗಳ ಪುಸ್ತಕ ಅಚ್ಚು ಹಾಕಿಸಿದಾಗ ಅದರಲ್ಲಿ ಈ ಜಿಗ್ ಸೇರಿತು. ಅಷ್ಟರಲ್ಲಿ ಎಷ್ಟೋ ಮನೆಗಳಲ್ಲಿ ರಾಟಿ ಅಟ್ಟ ಸೇರಿತ್ತು. ಹುಡುಗಿ ಮಾತ್ರ ಮಟ್ಟಿನ ಹೆಸರಾಗಿ ಉಳಿದಳು, ತನ್ನ ಸ್ವಂತ ಹೆಸರಿಲ್ಲದೆ. ಮದುವೆಯಾಗದ ಹೆಣ್ಣಿಗೆ ಇಂಗ್ಲಿಷಿನಲ್ಲಿ ಸ್ಪಿನ್‌ಸ್ಟರ್ ಅನ್ನುತ್ತಾರಲ್ಲ, ಅದರ ಅರ್ಥ ನೂಲುವವಳು, ಅಷ್ಟೇ.

ಕಂಡುಹಿಡಿದವರ ವಿಷಯ ನಾಳೆ ಬರೆಯುತ್ತೇನೆ. ಕೈ ನೋಯುತ್ತಿದೆ.

---

ತಿಶ್ರನಡೆ ಉತ್ತರಿಸಿದ್ದು:

ಬೇಸರ ಯಾಕೆ, ಅಕ್ಕಾ. ನಾನು ಕಿವಿಯಲ್ಲಿ ಕೇಳಿ ಊಹಿಸಿದೆ, ನೀವು ಕಾಲಲ್ಲಿ ತುಳಿದು ಹೇಳುತ್ತಿದ್ದೀರಿ. ಆ ಆರು-ಏಳರ ಲೆಕ್ಕವನ್ನು ಕಾಗದದ ಮೇಲೆ ಬಿಡಿಸಿ ನೋಡಿದೆ, ಆಮೇಲೆ ಸರಿಯಾಗಿ ತಲೆಗೆ ಹೋಯಿತು. ಎರಡು ಕೈಯಲ್ಲಿ ಎರಡು ಬೇರೆ ಗತಿ ಇಟ್ಟುಕೊಂಡರೆ ಆವರ್ತಕ್ಕೊಮ್ಮೆ ಒಂದಕ್ಷರ ಜಾರುವ ಹಾಗೆ. ಕಂಡುಹಿಡಿದವರ ಬಗ್ಗೆ ಕಾಯುತ್ತಿದ್ದೇನೆ. ಜರ್ಮನಿಯ ಒಬ್ಬರ ಹೆಸರನ್ನು ಎಲ್ಲೋ ಓದಿದ್ದೆ.

---

ಹಂಜಿ, ಧಾರವಾಡ ಉತ್ತರಿಸಿದ್ದು:

ನೀವು ಓದಿದ ಹೆಸರು ಯೋಹಾನ್ ಯೂರ್ಗೆನ್ ಇರಬೇಕು. ಜರ್ಮನಿಯ ಬ್ರೌನ್‌ಶ್ವೈಗ್ ಕಡೆಯವನು, 1530ರಲ್ಲಿ ಫ್ಲೈಯರ್ ಇರುವ ಕಾಲಿನ ರಾಟಿ ಮಾಡಿದ ಅಂತ ಹಳೆಯ ಪುಸ್ತಕಗಳು ಅವನಿಗೆ ಪಟ್ಟ ಕಟ್ಟುತ್ತವೆ. ಫ್ಲೈಯರ್‌ನ ಮಟ್ಟಿಗೆ ಆ ಪಟ್ಟ ನಿಲ್ಲುವುದಿಲ್ಲ. ಜರ್ಮನಿಯಲ್ಲೇ ಸುಮಾರು 1480ರ ಒಂದು ಕೈಬರಹದ ಚಿತ್ರಪುಸ್ತಕ ಇದೆ, ಅದರಲ್ಲಿ ಫ್ಲೈಯರ್ ಇರುವ ರಾಟಿಯ ಚಿತ್ರವಿದೆ, ಕುದುರೆಲಾಳದಂಥ ಆ ತೋಳುಗಳ ಸಮೇತ. ಅಂದರೆ ಯೂರ್ಗೆನ್‌ಗಿಂತ ಅರ್ಧ ಶತಮಾನ ಮೊದಲೇ ಯಾರೋ ಅದರಲ್ಲಿ ನೂಲುತ್ತಿದ್ದರು. ಲಿಯೊನಾರ್ಡೊ ಡ ವಿಂಚಿ ಕೂಡ 1490ರ ದಶಕದಲ್ಲಿ ಒಂದು ಫ್ಲೈಯರ್ ಬರೆದಿದ್ದಾನೆ. ಅವನು ಇನ್ನೂ ಮುಂದೆ ಹೋಗಿದ್ದ. ನೂಲನ್ನು ಕೊಕ್ಕೆಯಿಂದ ಕೊಕ್ಕೆಗೆ ಕೈಯಿಂದ ದಾಟಿಸುವ ತೊಂದರೆಯೇ ಬೇಡ, ತಾನಾಗಿ ಹಿಂದೆ ಮುಂದೆ ಸರಿದು ಸಮನಾಗಿ ಸುತ್ತಿಕೊಳ್ಳಲಿ ಅಂತ ಅದಕ್ಕೊಂದು ಹಲ್ಲುಗಾಲಿಯ ಏರ್ಪಾಡು. ಆ ಚಿತ್ರ ನೋಡಿದಾಗ ನನಗೆ ಅನಿಸಿದ್ದು ಒಂದೇ: ಈ ಮನುಷ್ಯ ನೂಲುವವರ ಪಕ್ಕದಲ್ಲಿ ಬಹಳ ಹೊತ್ತು ಕೂತಿದ್ದ. ದೂರದಿಂದ ನೋಡಿದವರಿಗೆ ಕೊಕ್ಕೆ ದಾಟಿಸುವುದು ಒಂದು ತೊಂದರೆ ಅಂತ ಹೊಳೆಯುವುದೇ ಇಲ್ಲ.

ರಾಟಿಯೇ ಮೊದಲು ಎಲ್ಲಿಯದು ಅನ್ನುವುದು ಇನ್ನೂ ಹಿಂದಿನ ಮಾತು, ಅದು ಏಶಿಯಾದಿಂದಲೇ ಪಶ್ಚಿಮಕ್ಕೆ ಹೋದದ್ದು. 1237ರಲ್ಲಿ ಬಾಗ್ದಾದ್‌ನಲ್ಲಿ ಬರೆದ ಚಿತ್ರವೊಂದರಲ್ಲಿ ರಾಟಿ ಸ್ಪಷ್ಟವಾಗಿದೆ. ಯೂರೋಪಿಗೆ ಬಂದಾಗ ಅದನ್ನು ಜನ ಸುಮ್ಮನೆ ಒಪ್ಪಿಕೊಳ್ಳಲಿಲ್ಲ. ಹದಿಮೂರನೇ ಶತಮಾನದ ಕೊನೆಗೆ ಜರ್ಮನಿಯ ಸ್ಪೈಯರ್ ಊರಿನ ಕಟ್ಟಳೆ ರಾಟಿಯ ನೂಲನ್ನು ಹೊಕ್ಕಿಗೆ, ಅಂದರೆ ಬಟ್ಟೆಯ ಅಡ್ಡ ಎಳೆಗೆ ಬಿಟ್ಟಿತು, ಹಾಸಿನ ಉದ್ದ ಎಳೆಗೆ ಬಿಡಲಿಲ್ಲ. ಹಾಸಿನ ನೂಲು ಮಗ್ಗದ ಬಿಗಿತ ತಡೆಯಬೇಕಲ್ಲ, ರಾಟಿಯ ಹುರಿಯ ಮೇಲೆ ಅವರಿಗಿನ್ನೂ ನಂಬಿಕೆ ಹುಟ್ಟಿರಲಿಲ್ಲ. ಕೈಯಲ್ಲಿ ತಕಲಿ ತಿರುಗಿಸಿ ನೂತದ್ದೇ ಬೇಕು.

ನಮ್ಮ ದೇಶದ ಮಾತು ಇಲ್ಲಿ ಬರುತ್ತದೆ, ಬಹಳ ಹತ್ತಿರಕ್ಕೇ ಬರುತ್ತದೆ. ಭಾರತದಲ್ಲಿ ಚರಕದ ಮೊದಲ ಖಚಿತ ಉಲ್ಲೇಖ ಅಂತ ಇತಿಹಾಸಕಾರ ಇರ್ಫಾನ್ ಹಬೀಬ್ ತೋರಿಸುವುದು ಇಸಾಮಿ ಎಂಬ ಕವಿಯ ಪಾರಸಿ ಕಾವ್ಯವನ್ನು. 1350ರಲ್ಲಿ ಮುಗಿದದ್ದು. ಇಸಾಮಿಗೆ ಆಶ್ರಯ ಕೊಟ್ಟವನು ಬಹಮನಿ ರಾಜ್ಯ ಕಟ್ಟಿದ ಅಲಾವುದ್ದೀನ್ ಹಸನ್, ನಮ್ಮ ಕಲಬುರಗಿಯನ್ನು ರಾಜಧಾನಿ ಮಾಡಿಕೊಂಡವನು. ಕಾವ್ಯದಲ್ಲಿ ಚರಕ ಬರುವ ಜಾಗ ನೋಡಿ. ದಿಲ್ಲಿಯ ಪಟ್ಟವೇರಿ 1236ರಿಂದ 1240ರ ತನಕ ಆಳಿದ ರಜಿಯಾ ಸುಲ್ತಾನಾಳ ಮಾತು ಬಂದಾಗ ಕವಿ, ಹೆಣ್ಣಿಗೆ ಸಿಂಹಾಸನ ಯಾಕೆ, ಅವಳ ಜಾಗ ಚರಕದ ಮುಂದೆ ಎಂಬರ್ಥದ ಮಾತು ಹೇಳುತ್ತಾನೆ. ನಾನು ಇದನ್ನು ಮೊದಲು ಓದಿದ ದಿನ ಮನಸ್ಸಿಗೆ ಕಹಿಯಾಯಿತು. ನಮ್ಮವ್ವ ರಾಟಿ ಮುಂದೆ ಕೂತು ಐದು ಮಕ್ಕಳನ್ನು ಓದಿಸಿದಳು. ಅವಳಿಗೆ ಅದು ಕೂಡಿಹಾಕಿದ ಜಾಗ ಆಗಿರಲಿಲ್ಲ, ತನ್ನ ದುಡಿಮೆಯ ಜಾಗ ಆಗಿತ್ತು. ಅದನ್ನೇ ಒಂದು ಹೆಣ್ಣನ್ನು ತಗ್ಗಿಸಲು ಎತ್ತಿಕೊಂಡವರಿದ್ದರು. ಆರುನೂರು ವರ್ಷಕ್ಕೂ ಹೆಚ್ಚು ಹಳೆಯ ಮಾತಾದರೂ ನನಗೆ ಸಿಟ್ಟು ಬರುತ್ತದೆ.

ಅದಕ್ಕೇ ತಂಗಿ, ಕಂಡುಹಿಡಿದವರು ಯಾರು ಅಂತ ನೀನು ಕೇಳಿದಾಗ ಯೂರ್ಗೆನ್ ಅಂತ ಒಂದು ಮಾತಲ್ಲಿ ಹೇಳಿ ಮುಗಿಸಲು ಮನಸ್ಸು ಬರಲಿಲ್ಲ. ಕೂದಲೆಳೆಯಷ್ಟು ಚಿಕ್ಕ ಗಾಲಿಯ ಉಪಾಯ ನೂಲುವ ಕೈ ಗೊತ್ತಿದ್ದವರಿಗೇ ಹೊಳೆಯುವಂಥದು. ಬಡಗಿ ಕೆತ್ತಿದ, ಸರಿ. “ಇದು ಇಲ್ಲಿ ನಿಲ್ಲುತ್ತದೆ, ಇದರಿಂದ ತೊಂದರೆ” ಅಂತ ಅವನಿಗೆ ಹೇಳಿದವರು ಯಾರು? ನನ್ನ ಮಟ್ಟಿಗೆ ಅವಳು ನಿನ್ನ ಜಿಗ್‌ನಲ್ಲಿರುವವಳೇ.

ಒಂದು ಕೆಲಸ ಮಾಡು. ಆ ಅಜ್ಜಿಯ ಮನೆಯ ರಾಟಿಗೆ ದಾರ ಇಲ್ಲದಿದ್ದರೆ ಹತ್ತಿಯ ಹುರಿ ಹಗ್ಗ ಕಟ್ಟು, ಪ್ಲಾಸ್ಟಿಕ್ ಬೇಡ, ಅದು ಜಾರಬೇಕಾದಾಗ ಜಾರುವುದಿಲ್ಲ. ಅಚ್ಚಿಗೆ ಎರಡು ತೊಟ್ಟು ಎಣ್ಣೆ ಬಿಡು. ಹೂವಿನ ಕುಂಡ ಮಾತ್ರ ಮೊದಲು ಇಳಿಸು, ನೀರು ಇಳಿದು ಮರ ಸೀಳುತ್ತದೆ.

---

ಗಾಲ್ವೆಯ ಕಮಾನು ಉತ್ತರಿಸಿದ್ದು:

ಅಕ್ಕಾ, ನಿಮ್ಮ ಉತ್ತರವನ್ನು ಇಂಗ್ಲಿಷಿನಲ್ಲಿ ಬಾಯಲ್ಲೇ ಹೇಳುತ್ತಾ ಗೆಳತಿಗೂ ಅವಳ ಅಜ್ಜಿಗೂ ಓದಿದೆ. ಮೇಡನ್ಸ್ ಎಂಬ ಮಾತು ಅಜ್ಜಿಗೆ ಗೊತ್ತಿತ್ತು! ಅದನ್ನು ಅವರ ಅಜ್ಜಿಯ ಬಾಯಲ್ಲಿ ಕೇಳಿದ್ದರಂತೆ, ಇಷ್ಟು ವರ್ಷ ಅದು ಏನನ್ನು ಕುರಿತ ಮಾತು ಅಂತ ಮರೆತುಹೋಗಿತ್ತಂತೆ.

ಶನಿವಾರ ಮತ್ತೆ ಹೋಗಿದ್ದೆವು. ಕುಂಡ ಇಳಿಸಿದೆವು. ಕಾಲಿನ ಹಲಗೆಗೂ ಕಡ್ಡಿಗೂ ನಡುವೆ ಕಟ್ಟಿದ್ದ ತೊಗಲಿನ ಬಾರು ತುಂಡಾಗಿತ್ತು, ಗೆಳತಿಯ ಅಣ್ಣ ಹಳೆಯ ಬೂಟಿನ ತೊಗಲು ಕತ್ತರಿಸಿ ಹಾಕಿಕೊಟ್ಟ. ದಾರಕ್ಕೆ ನೀವು ಹೇಳಿದ ಹಾಗೆ ಹತ್ತಿ ಹುರಿ, ಎರಡು ಸುತ್ತು. ಮೊದಲು ಎರಡು ಮೂರು ಸಲ ದಾರ ಕಳಚಿ ಬಿತ್ತು. ಆಮೇಲೆ ಚಕ್ರ ತಿರುಗಿತು. ಅಜ್ಜಿ ಕುರ್ಚಿ ಎಳೆದುಕೊಂಡು ಬಂದು ತಾವೇ ಕಾಲಿಟ್ಟರು.

ನಾನು ಫಿಡಲ್ ತೆಗೆದು ಆ ಜಿಗ್ ನುಡಿಸಿದೆ. ಅಕ್ಕಾ, ನೀವು ಹೇಳಿದ್ದೇ ನಿಜ, ಎರಡೂ ಕೂಡುವುದಿಲ್ಲ. ಅಜ್ಜಿಯ ಕಾಲಿನ ಒತ್ತು ನನ್ನ ಪೆಟ್ಟಿಗೆ ಎಲ್ಲೂ ಸರಿಹೊಂದಲಿಲ್ಲ, ಒಮ್ಮೆ ಮುಂದೆ ಒಮ್ಮೆ ಹಿಂದೆ. ಕೂಡಿಸಲು ಹೋದರೆ ಅವರ ಚಕ್ರ ಎಡವುತ್ತಿತ್ತು. ಎರಡನೇ ಸಲ ನಾನು ಕೂಡಿಸುವ ಪ್ರಯತ್ನ ಬಿಟ್ಟೆ. ಚಕ್ರದ ಗುಂಯ್ ಅನ್ನು ಶ್ರುತಿಪೆಟ್ಟಿಗೆಯ ಹಾಗೆ ಕೆಳಗೆ ಬಿಟ್ಟುಕೊಂಡು ಮೇಲೆ ನುಡಿಸಿದೆ. ಆಗ ಸರಿಯಾಯಿತು. ನನ್ನ ಗುರುಗಳ ಮನೆಯಲ್ಲಿ ತಂಬೂರಿಯ ಹಿಂದೆ ಕೂತು ವರ್ಣ ನುಡಿಸಿದ ದಿನಗಳು ನೆನಪಾದವು.

ಗೆಳತಿ ಯಾರಿಂದಲೋ ಒಂದು ಹಿಡಿ ಬಾಚಿದ ಅಗಸೆ ನಾರು ತರಿಸಿದ್ದಾಳೆ. ಬರುವ ಶನಿವಾರ ನೂತು ನೋಡಬೇಕು. ಬೆರಳು ಒದ್ದೆ ಮಾಡಿಕೊಳ್ಳುವ ನೀರು ತಣ್ಣಗಿರಬೇಕೋ ಬಿಸಿ ಇರಬೇಕೋ?

---

ಹಂಜಿ, ಧಾರವಾಡ ಉತ್ತರಿಸಿದ್ದು:

ಉಗುರುಬೆಚ್ಚಗೆ. ಆ ಚಳಿಯಲ್ಲಿ ತಣ್ಣೀರಾದರೆ ಅರ್ಧ ಗಂಟೆಗೆ ಬೆರಳು ಮರಗಟ್ಟುತ್ತದೆ, ಎಳೆ ಎಲ್ಲಿ ಸಣ್ಣಗಾಯಿತು ಅಂತ ತಿಳಿಯುವುದಿಲ್ಲ. ಮೊದಲ ಎಳೆ ಕಡಿದರೆ ಎಸೆಯಬೇಡ, ನನಗೊಂದು ಫೋಟೋ ಕಳಿಸು.